ಹಿಡಿಸೂಡಿಗೆ ರಜೆ

ಕುಂಜಿಬೆಟ್ಟಿನ ಚಳಿ ಎಂದರೆ ಇಷ್ಟೇ:
ಬೆಳಗಿನ ಜಾವ ಫ್ಯಾನು ಒಂದು ನಂಬರು ಕೆಳಗಿಳಿಯುತ್ತದೆ,
ತೆಂಗಿನೆಣ್ಣೆ ಬಾಟ್ಲಿಯ ಕತ್ತಿನಲ್ಲಿ ಬೆಳ್ಳಗೆ ಹೆಪ್ಪುಗಟ್ಟುತ್ತದೆ,
ಮಣಿಪಾಲದ ಗುಡ್ಡ ಏಳೂವರೆಯವರೆಗೆ ಮುಸುಕು ತೆಗೆಯುವುದಿಲ್ಲ.
ಅಷ್ಟಕ್ಕೇ ಸ್ವೆಟರು ಹಾಕಿ ಹಾಲಿಗೆ ಹೊರಡುತ್ತಾರೆ
ಪಕ್ಕದ ಮನೆಯ ಗುಲಾಬಿ ಟೀಚರು.

ಆದರೂ ಅಂಗಳ ತಯಾರಾಗಬೇಕಲ್ಲ.
ಬಲೀಂದ್ರನನ್ನು ಕೂಗಿ ಕರೆದು ಕಳಿಸಿದ ಮರುದಿನವೇ
ಮನೆ ಮಾಲಕರ ಫೋನು:
"ಹುಲ್ಲು ಸೊಂಟಕ್ಕೆ ಬಂದಿದೆಯಂತೆ. ತನಿಯಪ್ಪನನ್ನು ಕಳಿಸ್ತೇನೆ.
ಎಲ್ಲ ಒಮ್ಮೆ ಕ್ಲೀನ್ ಆಗಲಿ, ಎಲೆಗೆ ಬೆಂಕಿ ಕೊಡಲಿ."
ಕ್ಲೀನ್ ಎನ್ನುವಾಗ ಅವರ ದನಿಯಲ್ಲಿ
ಫಿನಾಯಿಲಿನ ವಾಸನೆ.

ನಾನು ಬಾಡಿಗೆಯವಳು.
ಹನ್ನೊಂದು ತಿಂಗಳ ಕರಾರಿನಲ್ಲಿ
ಬಾವಿ, ಪಂಪು, ಬಿದ್ದ ಮಡಲು, ಒಡೆದ ಹಂಚು, ಎಲ್ಲ ಬರೆದಿದೆ.
ಕೇರೆಹಾವಿನ ಬಗ್ಗೆ ಏನೂ ಬರೆದಿಲ್ಲ.
ತುಂಬೆಹೂವಿಗೆ ಬರುವ ಹಳದಿ ಚಿಟ್ಟೆಗಳು
ಎಷ್ಟು ಜನ ಇರಬಹುದು ಎಂದೂ ಇಲ್ಲ.

ತನಿಯಪ್ಪ ಬಂದ, ಹೆಗಲಲ್ಲಿ ಮಿಷನ್ನು,
ಕಾಲಿಗೆ ಗೋಣಿ ಸುತ್ತಿಕೊಂಡು.
ಮೊದಲು ಚಾ ಕೊಟ್ಟೆ. ಜೊತೆಗೆ ಗೋಳಿಬಜೆ.
ಆಮೇಲೆ ಹೇಳಿದೆ:
ಗೇಟಿನಿಂದ ಮೆಟ್ಟಿಲವರೆಗೆ ತೆಗಿ,
ಮಾಲಕರ ಕಣ್ಣು ಬೀಳುವಷ್ಟು.
ಬಾವಿಯ ಹಿಂದೆ ಬೇಡ.
ಹಲಸಿನ ಬುಡದ ಎಲೆ ಅಲ್ಲೇ ಇರಲಿ,
ಚಗಟೆಯ ಕೋಡು ನಿಂತಲ್ಲೇ ಒಣಗಲಿ.

ಹುಚ್ಚು ಎಂದಾನು ಅಂದುಕೊಂಡೆ.
ಅವ ಮುರಕಲ್ಲಿನ ಪಾಗಾರದ ಬಳಿ ಕುಕ್ಕರಗಾಲಲ್ಲಿ ಕುಳಿತು
ಸಂದಿಯೊಂದರಿಂದ ಮೆಲ್ಲ ಎಳೆದ
ಮಾರುದ್ದದ ಪೊರೆ. ಕಣ್ಣಿನ ಜಾಗದಲ್ಲೂ ಪೊರೆಯೇ.
"ಹೋದ ವರ್ಷವೂ ಇತ್ತು ಅಕ್ಕ.
ಇಲ್ಲಿಗೆ ನಾನು ಬ್ಲೇಡು ತರುವುದೇ ಇಲ್ಲ.
ಮಾಲಕರಿಗೆ ಹೇಳಿಲ್ಲ, ಅಷ್ಟೇ."

ಮತ್ತೆ ಇಬ್ಬರೂ ಕೆಲಸ ಮಾಡಿದೆವು, ಅಂದರೆ
ಕೆಲವನ್ನು ಮಾಡದೆ ಬಿಟ್ಟೆವು.
ಒಡೆದ ಹಂಚುಗಳನ್ನು ಓರೆಯಾಗಿ ಪೇರಿಸಿ
ಕಪ್ಪೆಗೊಂದು ಮಾಳಿಗೆ.
ಮಡಲಿನ ರಾಶಿ ಯಾರದ್ದೆಂದು ಮುಂಗುಸಿ ತೀರ್ಮಾನಿಸಲಿ.
ಬಾಯಿ ಒಡೆದ ಮೀನಿನ ಚಟ್ಟಿಗೆ ನೀರು,
ನಡುವೆ ಒಂದು ಕಲ್ಲು:
ಜೇನುನೊಣಕ್ಕೆ ಈಜು ಬರುವುದಿಲ್ಲ.

ಪಾಗಾರದ ಮೇಲಿಂದ ಟೀಚರ ತಲೆ:
"ಎಂತ, ನಿಮ್ಮಲ್ಲಿ ಹಿಡಿಸೂಡಿ ಇಲ್ಲವಾ?"
ಉಂಟು ಟೀಚರ್, ಅದಕ್ಕೆ ರಜೆ ಕೊಟ್ಟಿದ್ದೇನೆ.
ಅವರು ನಗಲಿಲ್ಲ.
ಮೂವತ್ತು ವರ್ಷ ಮಕ್ಕಳ ರಜಾಚೀಟಿ ಓದಿದವರು,
ಕಾರಣ ಬೇಕು.

ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ.
ಎರಡು ವಾರ ಬರೀ ಸೊಳ್ಳೆ, ಚಪ್ಪಲಿಯೊಳಗೆ ಒಂದು ಚೇಳಿನ ಮರಿ.
ಎದುರಂಗಳದ ಫೋಟೋ ಮಾತ್ರ ಮಾಲಕರಿಗೆ ಕಳಿಸಿ
"ಆಯ್ತು" ಎಂದು ಬರೆದೆ.
ಅರ್ಧ ಸುಳ್ಳು, ಅರ್ಧ ಅಂಗಳ.

ನಿನ್ನೆ ಪಾತ್ರೆ ತೊಳೆಯುವಾಗ ಹಿತ್ತಿಲಲ್ಲಿ
ಯಾರೋ ಎಲೆ ಮಗುಚುವ ಸದ್ದು.
ಒಂದು. ತುಸು ತಡೆದು ಇನ್ನೊಂದು.
ನಲ್ಲಿ ನಿಲ್ಲಿಸಿದೆ.
ಹಲಸಿನ ಬುಡದಲ್ಲಿ ಮುಷ್ಟಿಗಾತ್ರದ ನವರಂಗ,
ಹಿಮಾಲಯದ ತಪ್ಪಲಿಂದ ರಾತ್ರಿ ರಾತ್ರಿ ಹಾರಿ ಬಂದದ್ದು,
ಮೋಟು ಬಾಲದಡಿ ಕುಂಕುಮ ತಾಗಿಸಿಕೊಂಡು
ಗುಡಿಸದ ಎಲೆಗಳನ್ನು
ಒಂದೊಂದೇ ಓದಿ ಬದಿಗಿಡುತ್ತಿತ್ತು.

ಟೀಚರನ್ನು ಕರೆಯೋಣವೆಂದು ಬಾಗಿಲು ತೆರೆದೆ.
ಕಿರ್ರೆಂದಿತು. ಹಾರಿತು.
ಆಚೆ, ಅವರ ಗುಡಿಸಿದ ಸಿಮೆಂಟಿನ ಮೇಲೆ
ನಾಲ್ಕು ಸಲ ಕುಪ್ಪಳಿಸಿ, ಏನೂ ಸಿಗದೆ
ವಾಪಸು ಬಂತು.
ಟೀಚರು ನಿಂತೇ ಇದ್ದರು ಸ್ವೆಟರಿನಲ್ಲಿ,
ಹಿಡಿಸೂಡಿ ನೆಲಕ್ಕೆ ತಾಗದ ಹಾಗೆ ಹಿಡಿದುಕೊಂಡು.

ಬಾಗಿಲಿನ ತಿರುಗಣಿಗೆ ಎಣ್ಣೆ ಬಿಡಬೇಕು.
ಬಾಟ್ಲಿಯನ್ನು
ಬಿಸಿಲಿಗೆ ಇಟ್ಟಿದ್ದೇನೆ.