ಬಾಬಿನ್ ಖಾಲಿ

ಕೌಲ್ ಬಜಾರದ ಜೀನ್ಸ್ ಶೆಡ್ಡಿನಾಗ ಹುಟ್ಟಿದ ಮಾತು,
ನಮ್ಮ ಗ್ರೂಪಿನ ಹನ್ನೊಂದು ಮಂದಿಗಷ್ಟ ಗೊತ್ತು:
ಬಾಬಿನ್ ಖಾಲಿ

ಮೊದಲು, ಡೇಟಾ ಮುಗೀತು ಅಂತ.
ಆಮ್ಯಾಲ, ಶನಿವಾರದ ಪಗಾರ ಮುಗೀತು ಅಂತ.
ಹುಡುಗಿ ಬ್ಲಾಕ್ ಮಾಡಿದಾಗ ಗಾದಿಲಿಂಗ
ಮೂರು ದಿನ ಅದನ್ನೇ ಸ್ಟೇಟಸ್ ಹಾಕಿದ.
‘ಅಂಗಡಿಗೆ ಹೋಗಿ ತರಬಾರದೇನಲೇ’
ಅಂದ್ರು ಅವರಪ್ಪ.

ನಿನ್ನೆ ರಾತ್ರಿ ಎರಡಕ್ಕ
ಹೊನ್ನೂರಮ್ಮ ಬರದ್ಲು,
ಗ್ರೂಪಿಗಲ್ಲ, ನನಗ:
ಬಾಬಿನ್ ಖಾಲಿ.

ನಗೋ ಮುಖ ಇಲ್ಲ. ಕೊನೀಗೆ ಒಂದು ಚುಕ್ಕಿ.
ನಮ್ಮಾಗ ಯಾರೂ ಚುಕ್ಕಿ ಇಡಂಗಿಲ್ಲ.

ಯಾವ ಅರ್ಥ, ಹೊನ್ನೂರಿ?
ಬರದು, ಅಳಿಸಿ, ಬರದು,
ಕಡೀಗೆ ಕೇಳ್ದೆ:
ದಾರ ತರ್ಲಾ?

ನೀಲಿ ಟಿಕ್ ಬಿದ್ದು ಬಾಳ ಹೊತ್ತಾತು.

ತಾ
ಬಿಳೀದು ಬ್ಯಾಡ