ತಟ್ಟೆಯ ತಳ

ಗುರುವಾರ ಟ್ರಾಮಿನ ಕೀಲಿ ಒಪ್ಪಿಸಿ
ಏರುರಸ್ತೆ ಹತ್ತುವಾಗ ಮೊಣಕಾಲು ತಾನಾಗಿಯೇ
ಎಡಕ್ಕೆ ತಿರುಗುತ್ತದೆ. ನನ್ನ ತಪ್ಪೇನಿಲ್ಲ.
ಇಸ್ತ್ರಿ ಅಂಗಡಿಗೂ ಮುಚ್ಚಿಹೋದ ಬ್ಯಾಂಕಿಗೂ ನಡುವೆ
'ತಾಳ್ಮೆಯ ಕತ್ತೆ'.
ಫಲಕದ ಮೇಲೆ ಅದಕ್ಕೆ ಒಂದೇ ಕಿವಿ,
ಇನ್ನೊಂದನ್ನು ಮಂಜು ತಿಂದು ಹತ್ತು ವರ್ಷ.

ಒಳಗೆ ಯಾರೂ ಯಾರನ್ನೂ ಅವಸರ ಮಾಡುವುದಿಲ್ಲ.
ಬೆಂಚಿನ ಕೆಳಗೆ ಯಾರದೋ ನಾಯಿ
ನನ್ನ ಬೂಟಿನ ಮೇಲೆ ಗದ್ದವಿಟ್ಟು
ಇಡೀ ಶೆಫೀಲ್ಡಿನ ಭಾರ ತನ್ನದೇ ಎಂಬಂತೆ
ನಿಟ್ಟುಸಿರು ಬಿಡುತ್ತದೆ.
ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದ ಊಟ:
ಸುಟ್ಟ ಬೀಟ್‌ರೂಟ್, ಮೇಕೆಹಾಲಿನ ಚೀಸ್;
ಹಂದಿಯ ಕೆನ್ನೆ, ಆರು ತಾಸು ಸೈಡರಿನಲ್ಲಿ ಬೆಂದದ್ದು;
ದನದ ಮಾಂಸದ ಪೈ, ಒಮ್ಮೆ ಒರೆಸಿ
ಮತ್ತೆ ಬರೆದದ್ದು. ಇನ್ನೂ ಎರಡು ಉಳಿದಿವೆಯಂತೆ.

'ಮೊದಲೆಲ್ಲ ಇಲ್ಲಿ ವಿನೆಗರಿನ ಮೊಟ್ಟೆ ಬಿಟ್ಟರೆ
ಹಲ್ಲಿಗೆ ಕೆಲಸವೇ ಇರಲಿಲ್ಲ,' ಎನ್ನುತ್ತಾನೆ ಹೊರೇಸ್ ಆಲರೆನ್‌ಶಾ.
ಪ್ರತಿ ಗುರುವಾರವೂ ಎನ್ನುತ್ತಾನೆ.
ಎಂಬತ್ತಮೂರು ಅವನಿಗೆ. ನದಿದಂಡೆಯ ಕಾರ್ಖಾನೆಯಲ್ಲಿ
ನಲವತ್ತೊಂದು ವರ್ಷ ಚಾಕುಗಳಿಗೆ ಸಾಣೆ ಹಿಡಿದವನು.
ಯಾವ ಮೇಜಿಗೆ ಕೂತರೂ ಮೊದಲು ಚಾಕು ಎತ್ತಿ
ಅಲಗಿನ ಮೇಲೆ ಊರಿನ ಹೆಸರಿದೆಯೇ ನೋಡುತ್ತಾನೆ,
ಸಂತೆಯಲ್ಲಿ ಹೋರಿಯ ಹಲ್ಲು ಎಣಿಸುವವರ ಹಾಗೆ.

ಪೈ ಬಂತು. ಒತ್ತಿದ.
ಮೇಲಿನ ಹಪ್ಪಳ ಬಾಗಿತು, ಬಿರಿಯಲಿಲ್ಲ,
ಗ್ರೇವಿ ಮಾತ್ರ ಬದಿಯಿಂದ ಇಣುಕಿ ನೋಡಿತು.
'ಮೊಂಡು,' ಎಂದ.
'ಯಾರು?' ಎಂದಳು ಖಾಲಿ ಗ್ಲಾಸು ಒಯ್ಯಲು ಬಂದ ಟ್ಯಾಮ್ಸಿನ್.
ನಾನು ನನ್ನ ಬಿಯರಿನ ನೊರೆಯೊಳಗೆ ಮುಖ ಮುಚ್ಚಿಕೊಂಡೆ.

ಮಾತು ಅಡುಗೆಮನೆಗೆ ಹೋಯಿತು.
ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಯಾದ್ವಿಗಾ ಹೊರಬಂದಳು,
ಜಗಳಕ್ಕೇ ಇರಬೇಕು ಅಂದುಕೊಂಡೆ.
'ನನ್ನವೂ ಹಾಗೇ ಇವೆ,' ಎಂದಳು, 'ಎಲ್ಲವೂ.
ಟೊಮೆಟೊ ಹೆಚ್ಚುವುದಿಲ್ಲ ನಾನು, ಜಜ್ಜುತ್ತೇನೆ.'
ಒದ್ದೆ ಬಟ್ಟೆಯಲ್ಲಿ ಸುತ್ತಿದ ಆರು ಚಾಕು
ಮಲಗಿದ ಕೂಸನ್ನು ಇಳಿಸಿದ ಹಾಗೆ ಮೇಜಿಗೆ ಇಳಿಸಿದಳು.

ಸಾಣೆಕಲ್ಲು ಎಲ್ಲಿಂದ ತರುವುದು?
ಹೊರೇಸ್ ಪೈಯನ್ನು ನನ್ನ ತಟ್ಟೆಗೆ ಜಾರಿಸಿದ, ಕೇಳಲೂ ಇಲ್ಲ,
ತನ್ನ ತಟ್ಟೆ ಒರೆಸಿ ಬೋರಲು ಹಾಕಿದ.
ತಳದಲ್ಲಿ, ಮೆರುಗು ಹತ್ತದೆ ಉಳಿದ
ಪಿಂಗಾಣಿಯ ಒರಟು ಬಳೆ.
ಅದರ ಮೇಲೆ ಅಲಗನ್ನು ಓರೆಯಾಗಿಟ್ಟು ಎಳೆದ.

ಸರ್ರ್.
ತಿರುಗಿಸಿ ಮತ್ತೆ, ಸರ್ರ್.

ಗ್ಲಾಸು ತುಟಿಗೆ ತಲುಪುವಷ್ಟರಲ್ಲಿ
ಕಾಲುಭಾಗ ಅಂಗಿಗೆ ಕುಡಿಸುವ ಕೈ ಅದು.
ಆ ಓರೆ ಸಿಕ್ಕಿದ್ದೇ ನಡುಕ ನಿಂತಿತು.
ನಾಯಿ ತಲೆಯೆತ್ತಿತು.
ಮೂಲೆಯ ಕ್ವಿಜ್ ತಂಡದ ಬಾಯಲ್ಲಿ
ಪೆರು ದೇಶದ ರಾಜಧಾನಿ ಅರ್ಧಕ್ಕೇ ಉಳಿಯಿತು.
ಈ ಇಳಿಜಾರಿನ ಬೀದಿಗಳಲ್ಲೆಲ್ಲ
ಬೆಳಗಿಂದ ಬೈಗಿನವರೆಗೆ ಇದೇ ಸದ್ದಿತ್ತಂತೆ.
ನಾನು ಓಡಿಸುವ ಹಳಿ ಆಗ ಇರಲಿಲ್ಲ.

'ನನ್ನಣ್ಣ ಸತ್ತದ್ದು ಬಿಯರಿನಿಂದ ಅಂತಾರೆ,'
ನಾಲ್ಕನೆಯ ಚಾಕುವಿಗೆ ಹೇಳಿದ, ನಮಗಲ್ಲ,
'ಕಲ್ಲಿನ ಧೂಳು ಕುಡಿದು ಸತ್ತ. ಬಿಯರ್ ಅದನ್ನು ತೊಳೆಯೋಕೆ.'
ಐದನೆಯದನ್ನು ಎತ್ತಿಕೊಂಡ.

ಆರೂ ಮುಗಿದ ಮೇಲೆ ಉಗುರಿಗೆ ತಾಗಿಸಿ ನೋಡಿ
ಹೂಂ ಎಂದ.
ಯಾದ್ವಿಗಾ ದುಡ್ಡಿನ ಮಾತೆತ್ತಿದಳು. ಅವನು ಬಿಸಿ ಪೈ ಕೇಳಿದ.
ಇದ್ದ ಎರಡರಲ್ಲಿ ಒಂದು ನನ್ನ ಮುಂದೆ ಆರುತ್ತಿತ್ತು,
ಇನ್ನೊಂದು ಕಿಟಕಿಯ ಪಕ್ಕದ ಜೋಡಿಯ ಹೊಟ್ಟೆಯಲ್ಲಿತ್ತು.
ಹಾಗಾಗಿ ಬಂದದ್ದು ಹಂದಿಯ ಕೆನ್ನೆ,
ಫೋರ್ಕು ಸೋಕಿದರೆ ಸಾಕು, ಬೆಣ್ಣೆಯ ಹಾಗೆ ಬಿಡಿಸಿಕೊಳ್ಳುವಂಥದ್ದು.
ಚಾಕುವೇ ಬೇಡ.

ಮುದುಕ ಅದನ್ನು ಬಹಳ ಹೊತ್ತು ನೋಡಿದ.
ಆಮೇಲೆ ಚಾಕುವಿನಿಂದಲೇ ಕತ್ತರಿಸಿದ,
ತೆಳ್ಳಗೆ, ತೆಳ್ಳಗೆ, ಕೊನೆಯ ತುಣುಕಿನ ತನಕ.

ಹೊರಡುವಾಗ, ಕೋಟಿನ ಒಂದು ತೋಳಷ್ಟೇ ಏರಿತ್ತು,
ಅಡುಗೆಮನೆಯೊಳಗಿಂದ ಪೋಲಿಷ್ ಭಾಷೆಯ ಬೈಗುಳ,
ಹಿಂದೆಯೇ ನಗು, ನಲ್ಲಿ ತಿರುಗಿಸಿದ ಸದ್ದು.

'ಹೆಬ್ಬೆರಳು,' ಎಂದ ಹೊರೇಸ್,
ಇನ್ನೊಂದು ತೋಳು ಹುಡುಕುತ್ತಾ.