ಪರದೆಯ ಹಿಂದೆ

ಮುಂದಿನ ಜಾಗವೆಲ್ಲ ದೊಡ್ಡವರ ಚಾಪೆಗೆ ಹೋಗಿತ್ತು.
ನಾವು, ಸಕ್ಕರೆ ಕಾರ್ಖಾನೆಯ ಕೂಲಿಗಳ ಮಕ್ಕಳು,
ಎರಡು ಬಿದಿರಿನ ನಡುವೆ ಬಿಗಿದ ಬಟ್ಟೆಯ
ಹಿಂದೆ ಕೂತೆವು.
ತೆಗಲ್ ಪೇಟೆಯಾಚೆ, ಕಬ್ಬು ಕಡಿದ ಗದ್ದೆ.
ಕೂಳೆ ಚುಚ್ಚುತ್ತಿತ್ತು ತೊಡೆಗೆ.

ಅಲ್ಲಿಂದ ನೋಡಿದರೆ ಅಕ್ಷರಗಳೆಲ್ಲ ತಿರುಗುಮುರುಗು.
ದೆವ್ವ ಎಡಗೈಯಲ್ಲಿ ಕತ್ತು ಹಿಸುಕುತ್ತಿತ್ತು,
ಮಸೀದಿಯ ಹಿರಿಯರೂ ಎಡಗೈ ಎತ್ತಿಯೇ
ಅದನ್ನು ಓಡಿಸುತ್ತಿದ್ದರು.
ಎಡಚರೆಂದರೆ ಸತ್ತವರು
ಎಂದು ಎಷ್ಟು ವರ್ಷ ನಂಬಿದ್ದೆ!
ನಮ್ಮ ಕ್ಲಾಸಿನ ಪೊನಿಜಾನ್ ಎಡಗೈಯಲ್ಲಿ ಬರೆಯುತ್ತಿದ್ದ;
ಅವನ ಪಕ್ಕ ಕೂರಲು ಒಪ್ಪದೆ ಬೆತ್ತದೇಟು ತಿಂದೆ,
ಕಾರಣ ಮಾತ್ರ ಬಾಯಿಬಿಡಲಿಲ್ಲ.

ಒಂದು ರೀಲು ಮುಗಿದರೆ ಇನ್ನೊಂದು
ಪಕ್ಕದೂರಿನ ಆಟ ಮುಗಿಸಿ ಬರಬೇಕು, ಮೋಟರ್‌ಸೈಕಲ್ಲಿನಲ್ಲಿ.
ಬಾವಿಯೊಳಗಿಂದ ಒಂದು ಕೈ ಎದ್ದು
ಕಟ್ಟೆ ಹಿಡಿದಿತ್ತಷ್ಟೆ,
ಬೆಳಕು ಹೋಯಿತು.
ಜನರೇಟರಿನ ಗುರುಗುರು.
ಲವಂಗದ ಸಿಗರೇಟಿನ ಕೆಂಪು ಚುಕ್ಕೆ ಅಲ್ಲೊಂದು, ಇಲ್ಲೊಂದು.
ಔಷಧಿ ಕಂಪನಿಯವನು ಮೈಕು ಹಿಡಿದು
ಜಂತುಹುಳದ ಮಾತ್ರೆಯನ್ನು ಬಾಯ್ತುಂಬ ಹೊಗಳಿದ.
ಆ ಕೈ ಮಾತ್ರ ಎಲ್ಲೋ ಗೋಣಿಚೀಲದಲ್ಲಿ,
ಹೊಂಡ ಸಿಕ್ಕಲ್ಲೆಲ್ಲ ಎಗರುತ್ತ
ನಮ್ಮ ಕಡೆಗೇ ಬರುತ್ತಿತ್ತು.

ಆಮೇಲೆ ಬಂದ ರೀಲಿನಲ್ಲಿ ಏನಿತ್ತೋ, ನೆನಪಿಲ್ಲ.

ಪುಸ್ತಕದ ಕಥೆಯೂ ಇದೇ.
ಬಸ್ ನಿಲ್ದಾಣದ ಹಿಂದೆ ದರ್ಸೊನೊನ ಗೂಡಂಗಡಿ,
ಹಗ್ಗಕ್ಕೆ ಜೋತುಬಿದ್ದ ದೆವ್ವದ ಕಾದಂಬರಿಗಳು,
ದಿನಕ್ಕೆ ಇಪ್ಪತ್ತೈದು ರೂಪಿಯಾ ಬಾಡಿಗೆ.
ಕೊನೆಯ ಹಾಳೆಗಳನ್ನು ಅವನ ಹೆಂಡತಿ
ಕರಿದ ಟೆಂಪೆ ಕಟ್ಟಿಕೊಡಲು ಹರಿದುಕೊಳ್ಳುತ್ತಿದ್ದಳು.
ಕಫನಿನ ಗಂಟು ಬಿಚ್ಚಿದ್ದು ಯಾರು
ಎಂದು ಹೇಳಬೇಕಾದ ಪುಟ
ಎಣ್ಣೆ ಕುಡಿದು ಚರಂಡಿ ಸೇರಿತ್ತು.
ಸಿಟ್ಟು ಬಂದು ನಾನೇ ಬರೆದೆ,
ಗಣಿತದ ನೋಟ್‌ಬುಕ್ಕಿನ ಹಿಂಬದಿಯಿಂದ.
ನನ್ನ ಮೊದಲ ಕಥೆಗೆ ತಲೆಯಿರಲಿಲ್ಲ,
ಬರೀ ಬಾಲ.

ಈಗ ಸೆಮಾರಂಗಿನಲ್ಲಿ ಬಾಡಿಗೆ ಕೋಣೆ, ವಯಸ್ಸು ಐವತ್ತೆರಡು,
ಏಳು ಪುಸ್ತಕ. ಒಂದರಲ್ಲೂ ದೆವ್ವವಿಲ್ಲ.
'ವರ್ಸಿತಿಯವರು ಮನೆವಾರ್ತೆಯ ಕಥೆಗಾರ್ತಿ'
ಎಂದು ಬರೆಯುತ್ತಾರೆ ಪತ್ರಿಕೆಯವರು. ಬರೆಯಲಿ.
ನನ್ನ ಕಥೆಯಲ್ಲಿ ಅತ್ತೆ ಮೀನು ಹೆಚ್ಚುತ್ತಾಳೆ,
ಸೊಸೆ ಅಕ್ಕಿ ತೊಳೆಯುತ್ತಾಳೆ, ಅಷ್ಟೆ;
ಓದುವವರಿಗೆ ಯಾಕೋ ಕೈಕಾಲು ತಣ್ಣಗಾಗುತ್ತದೆ.
ಅತ್ತೆ ಚಾಕು ಹಿಡಿದದ್ದು ಎಡಗೈಯಲ್ಲಿ.

ಇನ್ನೊಂದು ಮಾತಿದೆ. ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.
ಪರದೆಯ ಹಿಂದೆ ಕೂತವರಿಗೆ
ಬಟ್ಟೆಯ ಅಂಚಿನ ಸಂದಿಯಿಂದ
ನೋಡುವವರ ಮುಖ ಕಾಣುತ್ತದೆ.
ಬೆಳಕಿನಲ್ಲಿ ಅದ್ದಿ ತೆಗೆದಂಥ ನೂರು ಮುಖ,
ಬಾಯಿ ತೆರೆದವು, ಕಿಸಕ್ಕೆಂದವು, ಮಗುವಿನ ಕಣ್ಣು ಮುಚ್ಚಿದವು.
ಆ ಕೈ ಬಾವಿಕಟ್ಟೆ ಹಿಡಿದಾಗ
ಎರಡನೆಯ ಸಾಲಿನಲ್ಲಿದ್ದ ನನ್ನಜ್ಜ
ಹೆದರಲಿಲ್ಲ. ಗುರುತು ಹಿಡಿದವನಂತೆ ನೋಡಿದ.
ಎದ್ದ. ಚಾಪೆ ಸುತ್ತಿಕೊಂಡ.
ಯಾರದೋ ಕಾಲು ತುಳಿಯುತ್ತ ಹೊರಟುಹೋದ.

ಕಾರ್ಖಾನೆಯ ಹಿಂದೆ ಒಂದು ಬಾವಿ ಇತ್ತು,
ಸಿಮೆಂಟು ಹಾಕಿ ಮುಚ್ಚಿದ್ದು.
ಅಜ್ಜ ಆ ದಾರಿ ತುಳಿಯುತ್ತಿರಲಿಲ್ಲ.
ಯಾಕೆಂದರೆ, ಬೆಂಕಿಪೊಟ್ಟಣ ಹುಡುಕುತ್ತಿದ್ದ,
ಅದು ಅಂಗೈಯಲ್ಲೇ ಇದ್ದರೂ.
ನಾನು ಹುಟ್ಟುವ ಎಂಟು ವರ್ಷ ಮೊದಲಿನ ಮಾತು ಅದು,
ಆ ವರ್ಷದ ಹೆಸರೆತ್ತಿದರೆ
ಅಮ್ಮ ರೇಡಿಯೋದ ದನಿ ಏರಿಸುತ್ತಿದ್ದಳು.

ಎಂಟನೆಯ ಪುಸ್ತಕ ಶುರುಮಾಡಿದ್ದೇನೆ.
ಮೂರು ತಿಂಗಳಲ್ಲಿ ಒಂದೂವರೆ ಸಾಲು.
ಬಾವಿಯ ಬಾಯಿ, ಅಜ್ಜನ ಚಾಪೆಯ ಅಗಲ.
ಆಳ